ಹ್ಯಾಂಡಲ್ ಹೊಡೆದು ಕಾರು ಸ್ಟಾರ್ಟ್ ಮಾಡುತ್ತಿದ್ದ ಕಾಲ: ನಿಮ್ಮ ಮನೆಯಲ್ಲಿ ಹ್ಯಾಂಡಲ್ ಹಿಡಿದವರು ಯಾರು?

ತುಂಗೆ ದಡದವ:

ಹಳೇ ಕಾರು ಅಂದ ತಕ್ಷಣ ಮಾತು ಅರಮನೆ ಕಡೆ ಹೊರಳುತ್ತದೆ. ಯಾವ ರಾಜರ ಹತ್ತಿರ ಯಾವ ರೋಲ್ಸ್ ರಾಯ್ಸ್ ಇತ್ತು, ಈಗ ಅದು ಯಾರ ಕೈಯಲ್ಲಿದೆ, ಏನು ಬೆಲೆ ಬಾಳುತ್ತದೆ. ನಾನು ಕೇಳುತ್ತಿರೋದು ಬೇರೆ. ಬೆಳಿಗ್ಗೆ ಎದ್ದು ಆ ಕಾರಿನ ಮೂತಿಯ ಮುಂದೆ ಬಗ್ಗಿ ನಿಂತು ಹ್ಯಾಂಡಲ್, ಅಂದರೆ ಎಂಜಿನ್ನಿಗೆ ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಕಬ್ಬಿಣದ ಸರಳು, ಹೊಡೆಯುತ್ತಿದ್ದವರು ಯಾರು? ಅದನ್ನು ಹೇಗೆ ಮಾಡುತ್ತಿದ್ದರು? ಇದನ್ನು ಬರೆದಿಟ್ಟವರು ತೀರಾ ಕಡಿಮೆ. ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ತೊಂಬತ್ತು ವಯಸ್ಸು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ದೊಡ್ಡಜ್ಜ ಒಂದು ಫೋರ್ಡ್ ಮಾಡೆಲ್ ಟಿ ತಂದಿದ್ದರು. ಹೊಸದಲ್ಲ, ಚಿಕ್ಕಮಗಳೂರು ಕಡೆ ಕಾಫಿ ತೋಟದ ದೊರೆಯೊಬ್ಬರು ಮಾರಿ ಹೋದದ್ದು. ಅಜ್ಜಿ ಆ ಮನೆಗೆ ಸೊಸೆಯಾಗಿ ಬಂದಾಗ ಕಾರು ಇನ್ನೂ ಓಡುತ್ತಿತ್ತು. ಅವರು ಅದನ್ನು ಸ್ಟಾರ್ಟ್ ಮಾಡೋದನ್ನು ಅಡುಗೆ ಮನೆ ಕಿಟಕಿಯಿಂದ ದಿನಾ ನೋಡಿದವರು, ಅದಕ್ಕೇ ಕ್ರಮ ತಪ್ಪದೆ ಹೇಳುತ್ತಿದ್ದರು. ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಹಿಂದಕ್ಕೆ. ಆಮೇಲೆ ಸ್ಟಿಯರಿಂಗ್ ಕೆಳಗಿನ ಎರಡು ಕಡ್ಡಿ. ಒಂದು ಕಿಡಿಯದ್ದು, ಅದು ಪೂರ್ತಿ ಮೇಲೆ ಇರಬೇಕು. ಇನ್ನೊಂದು ಪೆಟ್ರೋಲಿನದ್ದು, ಅದು ಸ್ವಲ್ಪವೇ ಕೆಳಗೆ. ರೇಡಿಯೇಟರ್ ಪಕ್ಕದಲ್ಲಿ ಒಂದು ತಂತಿಯ ಉಂಗುರ, ಅದೇ ಚೋಕ್. ಸ್ವಿಚ್ ಹಾಕದೆ, ಉಂಗುರ ಎಳೆದು ಹಿಡಿದು, ಹ್ಯಾಂಡಲನ್ನು ಮೆಲ್ಲಗೆ ಒಂದೆರಡು ಸಲ ಮೇಲಕ್ಕೆತ್ತಬೇಕು. ಪೆಟ್ರೋಲು ಒಳಗೆ ಹೋದ ಮೇಲೆ ಸ್ವಿಚ್. ಆಮೇಲೆ ಒಂದೇ ಜೋರು ಎಳೆತ.

ಮಳೆಗಾಲದಲ್ಲಿ ಇದು ಸುಲಭಕ್ಕೆ ಆಗುತ್ತಿರಲಿಲ್ಲ. ಮಾಡೆಲ್ ಟಿಯಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಮರದ ಕಾಯಿಲ್ ಪೆಟ್ಟಿಗೆ. ಆಷಾಢದ ಥಂಡಿಗೆ ಅವು ನೀರು ಕುಡಿದು ಕಿಡಿಯನ್ನೇ ಕೊಡುತ್ತಿರಲಿಲ್ಲ. ಆಗ ಆ ಪೆಟ್ಟಿಗೆಗಳನ್ನು ಹೊರಗೆಳೆದು, ಪ್ಲಗ್ಗುಗಳನ್ನೂ ಬಿಚ್ಚಿ, ಅಜ್ಜಿಯ ಒಲೆಯ ಪಕ್ಕ ಸಾಲಾಗಿ ಇಡುತ್ತಿದ್ದರಂತೆ. ಒಂದು ಕಡೆ ಹಂಡೆ ನೀರು ಕಾಯುತ್ತಿತ್ತು, ಇನ್ನೊಂದು ಕಡೆ ಫೋರ್ಡಿನ ಪ್ಲಗ್. ಬಿಸಿ ಆರುವ ಮೊದಲೇ ಬಟ್ಟೆಯಲ್ಲಿ ಸುತ್ತಿಕೊಂಡು ಓಡಬೇಕು.

ಓಡುತ್ತಿದ್ದವನು ಒಬ್ಬ ಹುಡುಗ. ಹದಿಮೂರೋ ಹದಿನಾಲ್ಕೋ ವಯಸ್ಸು. ಹ್ಯಾಂಡಲ್ ಹೊಡೆಯುತ್ತಿದ್ದವನೂ ಅವನೇ. ಮನೆಯಲ್ಲಿ ಆ ಕಾರಿನ ಫೋಟೊ ಇದೆ. ದೊಡ್ಡಜ್ಜ ಕೋಟು ಪೇಟ ಹಾಕಿ ಕೂತಿದ್ದಾರೆ, ಡ್ರೈವರ್ ಸ್ಟಿಯರಿಂಗ್ ಹಿಡಿದಿದ್ದಾನೆ, ಹುಡುಗನ ಅರ್ಧ ಮೈ ಮಾತ್ರ ಬಂದಿದೆ. ಕಾರಿನ ನಂಬರ್ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆ ಹುಡುಗನ ಹೆಸರು ಒಬ್ಬರಿಗೂ ಗೊತ್ತಿಲ್ಲ.

ನಿಮ್ಮ ಮನೆಗಳ ಕಥೆ ಹೇಳಿ. ಕಾರು ಯಾರದ್ದು ಅನ್ನೋದಕ್ಕಿಂತ ಜಾಸ್ತಿ, ಅದನ್ನು ಎಬ್ಬಿಸುತ್ತಿದ್ದವರ ಬಗ್ಗೆ ಹೇಳಿ.

ಗ್ಯಾರೇಜ್ ಮೊಮ್ಮಗ:

ನಮ್ಮ ತಾತ ಶಿವಮೊಗ್ಗದಲ್ಲಿ ಫಿಟ್ಟರ್. ಅವರು ಗ್ಯಾರೇಜಿಗೆ ಸೇರಿದ್ದೇ ಹ್ಯಾಂಡಲ್ ಹುಡುಗನಾಗಿ. ಆ ಕೆಲಸದ ಮೊದಲ ಪಾಠ ಹೆಬ್ಬೆರಳಿನದು ಅಂತ ಹೇಳುತ್ತಿದ್ದರು. ಸಾಮಾನ್ಯವಾಗಿ ನಾವು ಏನನ್ನಾದರೂ ಗಟ್ಟಿಯಾಗಿ ಹಿಡಿಯಬೇಕಾದರೆ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ ಸುತ್ತುತ್ತೇವೆ. ಹ್ಯಾಂಡಲಿಗೆ ಹಾಗೆ ಹಿಡಿಯಬಾರದು. ಐದೂ ಬೆರಳು ಒಂದೇ ಕಡೆ. ಕೈಯನ್ನು ಕೊಕ್ಕೆ ಮಾಡಿ ಹಿಡಿಕೆಗೆ ಸಿಕ್ಕಿಸಬೇಕು, ಅಷ್ಟೇ.

ಯಾಕೆ ಅಂದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಮೇಲೆ ಬರುತ್ತಿರುವಾಗಲೇ, ಪೂರ್ತಿ ಮೇಲೆ ತಲುಪೋದಕ್ಕೆ ಮೊದಲೇ ಕಿಡಿ ಹಾರಿದರೆ, ಸ್ಫೋಟ ಪಿಸ್ಟನ್ನನ್ನು ಬಂದ ದಾರಿಯಲ್ಲೇ ಕೆಳಗೆ ತಳ್ಳುತ್ತದೆ. ಆಗ ಎಂಜಿನ್ ಉಲ್ಟಾ ತಿರುಗುತ್ತದೆ, ಜೊತೆಗೆ ಹ್ಯಾಂಡಲ್ಲೂ ಉಲ್ಟಾ. ಎಂಜಿನ್ ಸರಿಯಾಗಿ ಹೊತ್ತಿಕೊಂಡರೆ ಹ್ಯಾಂಡಲ್ ತಾನಾಗಿಯೇ ಕಳಚಿಕೊಳ್ಳುತ್ತದೆ, ಅದರ ಹಲ್ಲು ಒಂದೇ ದಿಕ್ಕಿಗೆ ಕಚ್ಚೋ ಹಾಗೆ ಇಳಿಜಾರಾಗಿ ಕಡಿದಿರುತ್ತಾರೆ. ಆದರೆ ಉಲ್ಟಾ ತಿರುಗಿದಾಗ ಆ ಹಲ್ಲು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಅದಕ್ಕೇ ಕಿಡಿಯ ಕಡ್ಡಿ ಪೂರ್ತಿ ಮೇಲೆ ಇರಬೇಕು ಅಂತ ನಿಮ್ಮ ಅಜ್ಜಿ ಹೇಳಿದ್ದು. ಮೇಲೆ ಇದ್ದರೆ ಕಿಡಿ ತಡವಾಗಿ ಬರುತ್ತದೆ. ಗಾಡಿ ಹೊತ್ತಿಕೊಂಡ ಮೇಲೆ ಕೆಳಗೆ ಎಳೆದು ಕಿಡಿಯನ್ನು ಮುಂಚೆ ಮಾಡಿಕೊಳ್ಳೋದು. ಈಗಿನ ಗಾಡಿಗಳಲ್ಲಿ ಇದೆಲ್ಲ ತಾನಾಗಿಯೇ ಆಗುತ್ತದೆ. ಆಗ ಡ್ರೈವರ್ ಮರೆತರೆ ಪೆಟ್ಟು ಬೀಳುತ್ತಿದ್ದದ್ದು ಮುಂದೆ ನಿಂತ ಹುಡುಗನಿಗೆ. ಈ ಮಾತನ್ನು ತಾತ ಒತ್ತಿ ಒತ್ತಿ ಹೇಳುತ್ತಿದ್ದರು.

ಇನ್ನೊಂದು. ಹ್ಯಾಂಡಲನ್ನು ಯಾವತ್ತೂ ಮೇಲಕ್ಕೆ ಎಳೆಯಬೇಕು, ಕೆಳಕ್ಕೆ ಒತ್ತಬಾರದು. ಕೆಳಕ್ಕೆ ಒತ್ತುವಾಗ ಮೈ ಭಾರವೆಲ್ಲ ಅದರ ಮೇಲೆ ಇರುತ್ತದೆ. ಆಗ ಒದ್ದರೆ ಕೈ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ. ಫೋರ್ಡಿಗೆ ಎಡಗೈಯನ್ನೇ ಬಳಸಿ ಅಂತ ಹೇಳುತ್ತಿದ್ದರು. ಎಡಗೈಯಲ್ಲಿ ಮೇಲಕ್ಕೆ ಎಳೆಯುವಾಗ ಅದು ಒದ್ದರೆ ಹಿಡಿಕೆ ಬೆರಳು ಬಿಡಿಸಿಕೊಂಡು ದೂರ ಹೋಗುತ್ತದೆ. ಬಲಗೈ ಆದರೆ ಅದು ಸುತ್ತಿ ಬಂದು ಮುಂಗೈಗೇ ಬಡಿಯುತ್ತದೆ.

ಮೂಳೆ ಡಾಕ್ಟರ್, ದಾವಣಗೆರೆ:

ಮೇಲಿನವರು ಹೇಳಿದ್ದಕ್ಕೆ ನಮ್ಮ ಪುಸ್ತಕದಲ್ಲೇ ಒಂದು ಹೆಸರಿದೆ. ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಕಡೆಗಿರುವ ಮೂಳೆಯ ತುದಿ ಓರೆಯಾಗಿ ಸೀಳಿದರೆ ಅದಕ್ಕೆ ಇವತ್ತಿಗೂ ‘ಶೋಫರ್ಸ್ ಫ್ರಾಕ್ಚರ್’ ಅಂತಲೇ ಬರೆಯುತ್ತೇವೆ. ಹ್ಯಾಂಡಲ್ ಹಿಂದಕ್ಕೆ ಒದ್ದಾಗ ಡ್ರೈವರುಗಳಿಗೆ ಆಗುತ್ತಿದ್ದ ಪೆಟ್ಟು ಅದು. ಈಗ ನನ್ನ ಹತ್ತಿರ ಇದೇ ಮುರಿತ ಇಟ್ಟುಕೊಂಡು ಬರೋದು ಬೈಕಿನಿಂದ ಬಿದ್ದು ಕೈ ಊರಿದವರು.

ಒಂದು ವಿಷಯ ಹೇಳಲೇಬೇಕು. ಈ ಮುರಿತವನ್ನು ಸರಿಯಾಗಿ ಕೂರಿಸದೆ ಬಿಟ್ಟರೆ ಮಣಿಕಟ್ಟು ಶಾಶ್ವತವಾಗಿ ಬಿಗಿಯುತ್ತದೆ. ಆ ಕಾಲದ ಕ್ಲೀನರ್ ಹುಡುಗರಲ್ಲಿ ಎಷ್ಟು ಜನ ಆಸ್ಪತ್ರೆ ಕಂಡಿರುತ್ತಾರೆ? ಹೆಚ್ಚಿನವರಿಗೆ ಊರಿನಲ್ಲಿ ಬಿದಿರು ದಬ್ಬೆ ಕಟ್ಟಿರುತ್ತಾರೆ. ವಯಸ್ಸಾದ ಹಳೇ ಡ್ರೈವರ್ ಯಾರಾದರೂ ನಿಮಗೆ ಸಿಕ್ಕರೆ, ನಮಸ್ಕಾರ ಮಾಡುವಾಗ ಎರಡೂ ಅಂಗೈ ಸರಿಯಾಗಿ ಕೂಡುತ್ತವಾ ನೋಡಿ.

ನೇತ್ರಾವತಿ:

ನಮ್ಮ ಅಪ್ಪ ಬಂಟ್ವಾಳದವರು. ಅವರು ಕಂಡದ್ದು ಕಾರಲ್ಲ, ಬಸ್ಸು. ಅದೂ ಇದ್ದಿಲಿನ ಬಸ್ಸು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಹಿಂದೆ ಒಂದು ದೊಡ್ಡ ಡ್ರಮ್ಮು ಕೂರಿಸಿದ್ದರು. ಅದಕ್ಕೆ ಗ್ಯಾಸ್ ಪ್ಲಾಂಟ್ ಅನ್ನುತ್ತಿದ್ದರು. ಮೇಲಿನಿಂದ ಇದ್ದಿಲು ತುಂಬೋದು, ಕೆಳಗೆ ಬೆಂಕಿ ಹಚ್ಚೋದು. ಗಾಳಿ ಸಾಕಷ್ಟು ಸಿಗದೆ ಇದ್ದಿಲು ಅರೆಬರೆ ಉರಿದಾಗ ಬರುವ ಅನಿಲ ಇದೆಯಲ್ಲ, ಅದನ್ನು ಸೋಸಿ, ತಣಿಸಿ ಎಂಜಿನ್ನಿಗೆ ಬಿಡುತ್ತಿದ್ದರು.

ಅಲ್ಲಿ ತಿರುಗಿಸೋದಕ್ಕೆ ಎರಡು ಹ್ಯಾಂಡಲ್. ಮೊದಲನೆಯದು ಹಿಂದೆ, ಬೆಂಕಿಗೆ ಗಾಳಿ ಊದುವ ಫ್ಯಾನಿನದ್ದು. ಬೆಳಗಿನ ಬಸ್ಸು ಹೊರಡಬೇಕಾದರೆ ಕ್ಲೀನರ್ ಕೋಳಿ ಕೂಗುವ ಮೊದಲೇ ಎದ್ದು ಆ ಫ್ಯಾನ್ ತಿರುಗಿಸುತ್ತಾ ಕೂರಬೇಕು. ಗ್ಯಾಸ್ ಬಂತಾ ಅಂತ ನೋಡೋಕೆ ಒಂದು ಸಣ್ಣ ನಳಿಗೆಯ ಬಾಯಿಗೆ ಬೆಂಕಿ ಕಡ್ಡಿ ಹಿಡಿಯುತ್ತಿದ್ದರು. ಜ್ವಾಲೆ ನಿಂತರೆ ಗ್ಯಾಸ್ ಸಿದ್ಧ. ಆಮೇಲೆ ಮುಂದೆ ಬಂದು ಎಂಜಿನ್ನಿನ ಹ್ಯಾಂಡಲ್. ಮೊದಲು ಸ್ವಲ್ಪ ಪೆಟ್ರೋಲಿನಲ್ಲಿ ಹೊತ್ತಿಸಿ ಮತ್ತೆ ಗ್ಯಾಸಿಗೆ ತಿರುಗಿಸುತ್ತಿದ್ದರು.

ಅಪ್ಪ ಮತ್ತು ಅವರ ಜೊತೆ ಹುಡುಗರಿಗೆ ಆ ಫ್ಯಾನ್ ತಿರುಗಿಸೋದು ಅಂದರೆ ಪ್ರಾಣ. ಕ್ಲೀನರಿಗೂ ಸ್ವಲ್ಪ ಕೈ ಬಿಡುವು ಸಿಗುತ್ತಿತ್ತು. ಆದರೆ ಆ ಹೊಗೆಯಲ್ಲಿ ಇರೋದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಕ್ಲೀನರುಗಳಿಗೆ ತಲೆನೋವು, ವಾಂತಿ ಮಾಮೂಲಾಗಿತ್ತು ಅಂತ ಅಪ್ಪ ಹೇಳುತ್ತಾರೆ. ಹಿಂದಿನ ಸೀಟಿನಲ್ಲಿ ಕೂತವರಿಗೂ ತಲೆ ಸುತ್ತುತ್ತಿತ್ತು. ಅದು ಬಸ್ಸಿನ ಕುಲುಕಾಟಕ್ಕೆ ಅಂದುಕೊಂಡಿದ್ದರು ಪಾಪ.

ಇದ್ದಿಲಿನ ಗ್ಯಾಸಿಗೆ ಪೆಟ್ರೋಲಿನ ಶಕ್ತಿ ಬರೋದಿಲ್ಲ. ಚಡಾವು ಸಿಕ್ಕಿದ ಕೂಡಲೇ ಬಸ್ಸು ಉಸಿರು ಬಿಡುತ್ತಿತ್ತು. ಗಂಡಸರು ಇಳಿದು ತಳ್ಳಬೇಕು. ಟಿಕೆಟ್ಟಿಗೆ ದುಡ್ಡೂ ಕೊಟ್ಟು ಬಸ್ಸನ್ನೂ ತಳ್ಳಬೇಕು, ಆದರೂ ಯಾರೂ ಗೊಣಗುತ್ತಿರಲಿಲ್ಲವಂತೆ. ಆ ಬಸ್ಸಿಲ್ಲದಿದ್ದರೆ ನಡೆದೇ ಹೋಗಬೇಕಿತ್ತು ಅಲ್ವಾ.

ಚಾಮುಂಡಿ ತಪ್ಪಲು:

ಒಂದು ಪ್ರಶ್ನೆ. ಹಳೇ ಫೋರ್ಡ್ ಕಾರುಗಳನ್ನು ಘಟ್ಟದಲ್ಲಿ ಹಿಂದು ಮುಂದಾಗಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುತ್ತಿದ್ದರು ಅಂತ ನಮ್ಮ ಸೋದರಮಾವ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ಇದು ನಿಜವಾ?

ಗ್ಯಾರೇಜ್ ಮೊಮ್ಮಗ:

ನೂರಕ್ಕೆ ನೂರು ನಿಜ. ಎರಡು ಕಾರಣ. ಮಾಡೆಲ್ ಟಿಯಲ್ಲಿ ಪೆಟ್ರೋಲ್ ಪಂಪ್ ಅನ್ನೋದೇ ಇಲ್ಲ. ಹೆಚ್ಚಿನ ಗಾಡಿಗಳಲ್ಲಿ ಟ್ಯಾಂಕು ಮುಂದಿನ ಸೀಟಿನ ಅಡಿಯಲ್ಲಿ. ಅಲ್ಲಿಂದ ಪೆಟ್ರೋಲು ಸುಮ್ನೆ ಇಳಿಜಾರಿಗೆ ಹರಿದು ಕಾರ್ಬೊರೇಟರಿಗೆ ಬರಬೇಕು. ಕಡಿದಾದ ಚಡಾವಿನಲ್ಲಿ ಮೂತಿ ಮೇಲೆದ್ದರೆ, ಟ್ಯಾಂಕಿನಲ್ಲಿ ಪೆಟ್ರೋಲು ಕಡಿಮೆ ಇದ್ದರೆ, ಹರಿಯೋದೇ ನಿಂತುಹೋಗುತ್ತದೆ. ಉಲ್ಟಾ ತಿರುಗಿಸಿದರೆ ಟ್ಯಾಂಕು ಮೇಲೆ, ಎಂಜಿನ್ ಕೆಳಗೆ, ತೊಂದರೆ ಮುಗಿಯಿತು. ಎರಡನೆಯದು, ಅದರ ರಿವರ್ಸ್ ಗೇರು ಮುಂದಿನ ಲೋ ಗೇರಿಗಿಂತ ಬಲವಾದದ್ದು. ಲೋ ಗೇರ್ 2.75ಕ್ಕೆ 1, ರಿವರ್ಸ್ 4ಕ್ಕೆ 1. ನಿಮ್ಮ ಮಾವನಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ.

ಮಿಷಿಗನ್ ಕನ್ನಡತಿ:

ಈ ಚರ್ಚೆ ಓದಿ ಕೂರೋಕೆ ಆಗಲಿಲ್ಲ, ಬರೆಯುತ್ತಿದ್ದೇನೆ. ಮಾಡೆಲ್ ಟಿ ಹುಟ್ಟಿದ ಊರಿನ ಪಕ್ಕದಲ್ಲೇ ನಾನಿರೋದು. 1908ರಿಂದ 1927ರವರೆಗೆ ಒಂದೂವರೆ ಕೋಟಿ ಗಾಡಿ ಮಾಡಿದರು. ಇಲ್ಲಿ ಡಿಯರ್‌ಬಾರ್ನಿನ ಗ್ರೀನ್‌ಫೀಲ್ಡ್ ವಿಲೇಜಿನಲ್ಲಿ ಇವತ್ತಿಗೂ ಮಾಡೆಲ್ ಟಿಯಲ್ಲಿ ಕೂರಿಸಿ ಒಂದು ಸುತ್ತು ಕರೆದುಕೊಂಡು ಹೋಗುತ್ತಾರೆ. ಅದಕ್ಕಿಂತ ಒಳ್ಳೆಯದು ಹಿಕರಿ ಕಾರ್ನರ್ಸ್ ಅನ್ನೋ ಸಣ್ಣ ಊರಿನ ಗಿಲ್ಮೋರ್ ಕಾರ್ ಮ್ಯೂಸಿಯಂ. ಅಲ್ಲಿ ಮಾಡೆಲ್ ಟಿ ಓಡಿಸೋದನ್ನು ಕಲಿಸುತ್ತಾರೆ. ನಾನು ಕಲಿತೆ. ನಮ್ಮ ತಂದೆಯ ಚಿಕ್ಕಪ್ಪ ಹಾಸನದಲ್ಲಿ ಇಂಥದ್ದೇ ಗಾಡಿಯ ಡ್ರೈವರ್ ಆಗಿದ್ದರು. ಅವರು ದಿನಾ ಮಾಡುತ್ತಿದ್ದ ಕೆಲಸ ಹೇಗಿತ್ತು ಅನ್ನೋದು ಕೈಕಾಲಿಗೆ ಗೊತ್ತಾಗಲಿ ಅನ್ನೋ ಒಂದೇ ಆಸೆ.

ಮೂರು ಪೆಡಲ್ ಇದೆ, ಆದರೆ ನಮಗೆ ಗೊತ್ತಿರೋ ಮೂರಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿ ಹಿಡಿದರೆ ಲೋ ಗೇರ್. ಅರ್ಧಕ್ಕೆ ಬಿಟ್ಟರೆ ನ್ಯೂಟ್ರಲ್. ಪೂರ್ತಿ ಬಿಟ್ಟರೆ ಟಾಪ್. ಮಧ್ಯದ್ದು ರಿವರ್ಸ್. ಬಲಗಡೆಯದು ಬ್ರೇಕು. ಆಕ್ಸಿಲರೇಟರ್ ಕಾಲಿಗಿಲ್ಲ, ಸ್ಟಿಯರಿಂಗ್ ಕೆಳಗಿನ ಕಡ್ಡಿ. ಇವತ್ತಿನ ಕಾರು ಓಡಿಸಿ ರೂಢಿಯಾದ ಕಾಲು ಗಾಬರಿಯಲ್ಲಿ ಮಧ್ಯದ್ದನ್ನು ಒತ್ತಲು ಹೋಗುತ್ತದೆ. ಮಜಾ ಅಂದರೆ ಮಾಡೆಲ್ ಟಿಯಲ್ಲಿ ಅದನ್ನು ಒತ್ತಿದರೂ ಗಾಡಿ ನಿಧಾನವಾಗುತ್ತದೆ. ಆ ಕಾಲದ ಡ್ರೈವರುಗಳು ಬ್ರೇಕ್ ಸವೆದಾಗ ರಿವರ್ಸ್ ಪೆಡಲನ್ನೇ ಬ್ರೇಕಿಗೆ ಬಳಸಿಕೊಳ್ಳುತ್ತಿದ್ದರು. ಹಾಸನದಿಂದ ಸಕಲೇಶಪುರ ದಾಟಿ ಘಟ್ಟ ಇಳಿಯುವಾಗ ನಮ್ಮ ಚಿಕ್ಕಜ್ಜ ಎಷ್ಟು ಸಲ ಹಾಗೆ ಮಾಡಿರಬೇಕು ಅಂತ ಅವತ್ತು ಪೂರ್ತಿ ಯೋಚಿಸಿದೆ.

ಸ್ವಿಚ್ಚನ್ನು ಬ್ಯಾಟರಿ ಕಡೆ ತಿರುಗಿಸಿದಾಗ ಕಾಯಿಲ್ ಪೆಟ್ಟಿಗೆ ಮಳೆಗಾಲದ ಜೀರುಂಡೆ ಹಾಗೆ ಜುಂಯ್ ಅನ್ನುತ್ತದೆ. ಆ ಸದ್ದು ಬಂದರೆ ಕಿಡಿ ಇದೆ ಅಂತ ಅರ್ಥ. ಹ್ಯಾಂಡಲನ್ನೂ ಎತ್ತಿದೆ. ನಾನು ಅಂದುಕೊಂಡಷ್ಟು ತೋಳಿನ ಬಲ ಬೇಡ. ಸರಿಯಾದ ಜಾಗಕ್ಕೆ ತಂದು, ಒತ್ತಡ ಕೈಗೆ ಸಿಕ್ಕಿದಾಗ, ಬೆನ್ನು ನೆಟ್ಟಗಿಟ್ಟು ಚಕ್ಕಂತ ಎತ್ತಬೇಕು.

ಕ್ಯಾಡಿಲಾಕ್ ಕಂಪನಿ 1912ರ ಗಾಡಿಗಳಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಹಾಕಿತು, ಚಾರ್ಲ್ಸ್ ಕೆಟರಿಂಗ್ ಮಾಡಿದ್ದು. ಫೋರ್ಡ್ ಮಾತ್ರ 1919ರವರೆಗೆ ಕೊಡಲೇ ಇಲ್ಲ. ಆಮೇಲೂ ಅಗ್ಗದ ಗಾಡಿಗಳಿಗೆ ಬೇಕಾದವರು ಜಾಸ್ತಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು.

ಗ್ಯಾರೇಜ್ ಮೊಮ್ಮಗ:

ತೋಳಿನ ಬಲ ಬೇಡ ಅಂದದ್ದು ಸರಿ. ಮಾಡೆಲ್ ಟಿಯ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಅದುಮುವ ಪ್ರಮಾಣ, 4ಕ್ಕೆ 1ರ ಸುಮಾರು. ಅದಕ್ಕೇ ಹದಿಮೂರು ವರ್ಷದ ಹುಡುಗನ ಕೈಗೂ ಬಗ್ಗುತ್ತಿತ್ತು. ಡೀಸೆಲ್ಲಿನಲ್ಲಿ ಅದು ಇದರ ನಾಲ್ಕು ಪಟ್ಟಿನಷ್ಟು. 1954ರಿಂದ ಟಾಟಾ ಮರ್ಸಿಡಿಸ್ ಲಾರಿಗಳು ಬಂದವು ನೋಡಿ, ಅಲ್ಲಿಗೆ ಲಾರಿ ಲೈನಿನಲ್ಲಿ ಹ್ಯಾಂಡಲಿನ ಕಾಲ ಮುಗಿಯುತ್ತಾ ಬಂತು. ಬ್ಯಾಟರಿ ಹೋದರೆ ತಳ್ಳೋದೊಂದೇ ದಾರಿ.

ಹುಬ್ಬಳ್ಳಿಯಿಂದ:

ಎಲ್ಲಾರೂ ಬಹಳ ಹಿಂದಕ್ಕೆ ಹೋಗೀರಿ. ನಮ್ಮ ಮನೆಯಲ್ಲಿ ಹ್ಯಾಂಡಲ್ ಹೊಡೆದದ್ದು ನನ್ನ ಕಣ್ಣಿನ ಮುಂದೆಯೇ, ಅಂಬಾಸಿಡರಿಗೆ. ಅಪ್ಪ ಟ್ಯಾಕ್ಸಿ ಓಡಿಸುತ್ತಿದ್ದರು. ಮುಂದಿನ ಬಂಪರಿನ ನಡುವೆ ಒಂದು ತೂತು, ಹ್ಯಾಂಡಲ್ ಇರೋದು ಡಿಕ್ಕಿಯಲ್ಲಿ ಜಾಕಿನ ಜೊತೆ. ಬ್ಯಾಟರಿ ಹಳೆಯದಾಯ್ತು, ಹೊಸದು ತರಲು ದುಡ್ಡು ಕೂಡಿಬರಲಿಲ್ಲ ಅಂದರೆ ತಿಂಗಳುಗಟ್ಟಲೆ ಹ್ಯಾಂಡಲ್ ಮೇಲೇ ಸಂಸಾರ.

ಅವ್ವ ಒಳಗೆ ಕೂರುತ್ತಿದ್ದಳು. ಚೋಕ್ ಎಷ್ಟು ಎಳೀಬೇಕು, ಎಂಜಿನ್ ಹಿಡಿದ ಕೂಡಲೇ ಆಕ್ಸಿಲರೇಟರ್ ಎಷ್ಟು ಕೊಡಬೇಕು, ಅದು ಅವ್ವನಷ್ಟು ಚಲೋ ಯಾರಿಗೂ ಬರುತ್ತಿರಲಿಲ್ಲ. ಎಂದೂ ಗಾಡಿ ಓಡಿಸಿದವಳಲ್ಲ. ಜಾಸ್ತಿ ಕೊಟ್ಟರೆ ಪೆಟ್ರೋಲು ತುಂಬಿ ಪ್ಲಗ್ ತೊಯ್ಯುತ್ತದೆ, ಕಡಿಮೆ ಕೊಟ್ಟರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಅಪ್ಪ ಹೊರಗೆ ಬಗ್ಗಿ ‘ಹೂಂ’ ಅನ್ನಬೇಕು, ಅವ್ವ ಕಾಲಿಡಬೇಕು. ಬೆಳಿಗ್ಗೆ ಐದರ ಟ್ರೇನಿಗೆ ಬಾಡಿಗೆ ಇತ್ತಂದರೆ ನಾಲ್ಕಕ್ಕೇ ಎದ್ದು, ಸೆರಗು ಬಿಗಿದು ಸೀಟಿನ ಅಂಚಿನಲ್ಲಿ ಕೂತಿರುತ್ತಿದ್ದಳು. ಆಮೇಲೆ ಬಂದು ಕಟ್ಟಿಗೆ ಒಲೆ ಹಚ್ಚೋದು. ಆ ಟ್ಯಾಕ್ಸಿಯ ದುಡಿಮೆಯಲ್ಲಿ ಅವ್ವನ ಪಾಲಿತ್ತು ಅಂತ ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಇಲ್ಲಿ ಹೇಳುತ್ತಿದ್ದೇನೆ.

ಹ್ಯಾಂಡಲ್ ಬರೀ ಸ್ಟಾರ್ಟ್ ಮಾಡಲಿಕ್ಕೆ ಅಲ್ಲ ಅನ್ನೋದೂ ಸೇರಿಸಿಕೊಳ್ಳಿ. ಟ್ಯಾಪೆಟ್ (ವಾಲ್ವಿನ ಸಂದು) ಸೆಟ್ ಮಾಡುವಾಗ, ಕಿಡಿಯ ಪಾಯಿಂಟ್ ಗ್ಯಾಪ್ ನೋಡುವಾಗ ಮೇಸ್ತ್ರಿ ಹ್ಯಾಂಡಲ್ ಹಾಕಿ ಎಂಜಿನ್ನನ್ನು ಕೂದಲೆಳೆಯಷ್ಟೇ ತಿರುಗಿಸುತ್ತಿದ್ದರು. ಆಗೆಲ್ಲ ಹ್ಯಾಂಡಲ್ ನನ್ನ ಕೈಯಲ್ಲಿ. ‘ಸ್ವಲ್ಪ, ಇನ್ನೂ ಸ್ವಲ್ಪ, ನಿಲ್ಸು.’ ನಾಲ್ಕು ಸಿಲಿಂಡರಲ್ಲಿ ಒಂದರ ಕಂಪ್ರೆಷನ್ ಹೋಗಿದ್ದರೆ ಆ ಜಾಗದಲ್ಲಿ ಹ್ಯಾಂಡಲ್ ಸಲೀಸಾಗಿ ತಿರುಗಿಬಿಡುತ್ತದೆ. ಮೇಸ್ತ್ರಿ ಅದನ್ನು ಕೈಯಲ್ಲೇ ಹಿಡಿದು ವಾಲ್ವ್ ಕೆಲಸ ಇದೆ ಅನ್ನುತ್ತಿದ್ದರು.

ಸೋಮವಾರಪೇಟೆ:

ಎಲ್ಲರ ಬರಹದಲ್ಲೂ ಯಜಮಾನ ಕೂತು ನೋಡಿದ, ಹುಡುಗ ಕೈ ಮುರಿದುಕೊಂಡ ಅನ್ನೋ ಧಾಟಿ ಇದೆ. ಅದು ನಿಜ ಇರಬಹುದು, ಆದರೆ ಪೂರ್ತಿ ನಿಜ ಅಲ್ಲ. ನಮ್ಮ ಅಜ್ಜ ಹಳ್ಳಿ ಡಾಕ್ಟರ್. ಫೋರ್ಡ್ ಮಾಡೆಲ್ ಎ ಇಟ್ಟುಕೊಂಡಿದ್ದರು, ಅದಕ್ಕೆ ಸೆಲ್ಫ್ ಇತ್ತು. ಕೊಡಗಿನ ಮಳೆಯಲ್ಲಿ ಸೆಲ್ಫ್ ನೆಚ್ಚಿಕೊಂಡರೆ ಹೆರಿಗೆ ಮುಗಿದ ಮೇಲೆ ತಲುಪಬೇಕು. ಡ್ರೈವರ್ ಇಡುವಷ್ಟು ದುಡ್ಡಿರಲಿಲ್ಲ. ನಡುರಾತ್ರಿ ಯಾರಾದರೂ ಬಂದು ಬಾಗಿಲು ಬಡಿದರೆ ಅವರೇ ಲಾಟೀನು ಹಿಡಿದು ಹೋಗಿ ಅವರೇ ಹ್ಯಾಂಡಲ್ ಹೊಡೆಯುತ್ತಿದ್ದರು. ಕರೆಯೋಕೆ ಬಂದವನು ಲಾಟೀನು ಹಿಡಿದುಕೊಳ್ಳುತ್ತಿದ್ದ.

ಒಂದು ಉಪಾಯ ಅವರದ್ದು ನನಗೆ ಬಹಳ ಇಷ್ಟ. ಕಾರನ್ನು ಯಾವತ್ತೂ ಮನೆಯ ಮುಂದಿನ ಇಳಿಜಾರಿನಲ್ಲೇ, ಮೂತಿ ಕೆಳಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಿದ್ದರು. ಹ್ಯಾಂಡಲ್ ಕೈಕೊಟ್ಟರೆ ಕಲ್ಲು ತೆಗೆದು ಉರುಳಿಸೋದು, ಗೇರಿಗೆ ಹಾಕಿ ಕ್ಲಚ್ ಬಿಡೋದು. ನಮ್ಮ ಮನೆಗೆ ಈಗಲೂ ಜೀಪಿದೆ. ಬ್ಯಾಟರಿ ಹೊಸದೇ ಇದೆ. ಅಪ್ಪ ಮಾತ್ರ ಅದನ್ನು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ನಿಲ್ಲಿಸುತ್ತಾರೆ.

ತುಂಗೆ ದಡದವ:

ನಿಮ್ಮ ಅಜ್ಜನ ಬಗ್ಗೆ ಗೌರವ ಇದೆ. ತಾನೇ ಹ್ಯಾಂಡಲ್ ಹೊಡೆದ ಯಜಮಾನರೂ ಇದ್ದರು ಅನ್ನೋದು ಗೊತ್ತಾಗಲಿ ಅಂತಲೇ ಇದನ್ನು ಶುರು ಮಾಡಿದ್ದು. ಆದರೂ ಒಂದು ವ್ಯತ್ಯಾಸ ಇದೆ. ನಿಮ್ಮ ಅಜ್ಜನ ಕಥೆ ನಿಮ್ಮ ಮನೆಯಲ್ಲಿ ಮೂರು ತಲೆಮಾರಿಗೆ ದಾಟಿದೆ. ಕ್ಲೀನರ್ ಹುಡುಗರ ಕಥೆ ಅವರ ಮನೆಗಳಲ್ಲಿ ದಾಟಿದೆಯೋ ಇಲ್ಲವೋ, ನಾವು ಯಾರೂ ಹೋಗಿ ಕೇಳಿಲ್ಲ. ಮ್ಯೂಸಿಯಂಗಳಲ್ಲಿ ಕಾರಿನ ಮುಂದೆ ಬೋರ್ಡ್ ಇಡುತ್ತಾರೆ. ಕಂಪನಿ, ಇಸವಿ, ಎಷ್ಟು ಅಶ್ವಶಕ್ತಿ, ಯಾರ ಒಡೆತನ. ಅದರ ಹ್ಯಾಂಡಲ್ ಹಿಡಿದವರ ಸಾಲು ಒಂದೂ ಇರೋದಿಲ್ಲ. ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ತೋಟದಿಂದ:

ಹ್ಯಾಂಡಲ್ ಹೊಡೆಯೋ ವಿದ್ಯೆ ಸತ್ತೇಹೋಗಿದೆ ಅನ್ನೋ ಧಾಟಿಯಲ್ಲಿ ಮಾತಾಡುತ್ತಿದ್ದೀರಿ. ನಮ್ಮ ಗದ್ದೆಗೆ ಬನ್ನಿ. ಪವರ್ ಟಿಲ್ಲರಿಗೆ ಇವತ್ತು ಬೆಳಿಗ್ಗೆಯೂ ಹ್ಯಾಂಡಲ್ ಹೊಡೆದಿದ್ದೇವೆ. ಅದು ಡೀಸೆಲ್. ಡೀಸೆಲ್ಲನ್ನು ಕೈಯಲ್ಲಿ ತಿರುಗಿಸೋಕೆ ಆಗೋದಿಲ್ಲ ಅಂದರು ಮೇಲಿನವರು, ಲಾರಿಗೆ ಅದು ಸರಿ. ಟಿಲ್ಲರಿಗೆ, ಹಳೇ ಪಂಪ್‌ಸೆಟ್ಟಿಗೆ ಒಂದು ಸಣ್ಣ ಲಿವರ್ ಇದೆ. ಅದನ್ನು ಎತ್ತಿ ಹಿಡಿದರೆ ವಾಲ್ವು ತೆರೆದೇ ಇರುತ್ತದೆ, ಒಳಗೆ ಒತ್ತಡ ಕಟ್ಟೋದಿಲ್ಲ. ಎಡಗೈಯಲ್ಲಿ ಲಿವರ್ ಹಿಡಿದು, ಬಲಗೈಯಲ್ಲಿ ಹ್ಯಾಂಡಲನ್ನು ಜೋರಾಗಿ ಸುತ್ತಿಸಿ, ಫ್ಲೈವೀಲ್ ವೇಗ ಹಿಡಿದ ಕ್ಷಣ ಲಿವರ್ ಬಿಡಬೇಕು. ಢಗ್ ಢಗ್ ಅಂತ ಹಿಡಿದುಕೊಳ್ಳುತ್ತದೆ. ಆಗ ಹ್ಯಾಂಡಲ್ ಹಿಂದಕ್ಕೆ ಎಳೆದುಕೊಳ್ಳಬೇಕು.

ನಮ್ಮಲ್ಲಿ ಟಿಲ್ಲರ್ ಹೊಡೆಯುವವರಿಗೆ ಎರಡು ಮಾತು ಕಲಿಸುತ್ತೇವೆ. ಹೆಬ್ಬೆರಳು ಸುತ್ತಬೇಡ. ಪಂಚೆ, ಟವೆಲ್ ನೇತಾಡದ ಹಾಗೆ ಕಟ್ಟಿಕೋ. ಮೊದಲನೆಯದು ನನಗೆ ನನ್ನ ದೊಡ್ಡಪ್ಪ ಹೇಳಿಕೊಟ್ಟದ್ದು. ಅವರಿಗೆ ಹೇಳಿಕೊಟ್ಟದ್ದು ಶೃಂಗೇರಿ ಕಡೆಯ ಒಬ್ಬ ಹಳೇ ಲಾರಿ ಡ್ರೈವರ್. ಈ ಚರ್ಚೆ ಓದಿದ ಮೇಲೆ ಅದು ಎಲ್ಲಿಂದ ಹರಿದು ಬಂತು ಅಂತ ಗೊತ್ತಾಯಿತು.

ನೇತ್ರಾವತಿ:

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರು ಇನ್ನಷ್ಟು ಸೇರಿಸಿದರು. ಕ್ಲೀನರ್ ಹುಡುಗರಿಗೆ ಶುರುವಿನಲ್ಲಿ ಸಂಬಳ ಅಂತ ಇರುತ್ತಿರಲಿಲ್ಲವಂತೆ. ಎರಡು ಹೊತ್ತು ಊಟ, ಮಲಗೋಕೆ ಬಸ್ಸಿನ ಸೀಟು. ಮುಂದೊಂದು ದಿನ ಸ್ಟಿಯರಿಂಗ್ ಸಿಗುತ್ತದೆ ಅನ್ನೋ ಆಸೆ. ಎಷ್ಟೋ ಜನರಿಗೆ ಸಿಕ್ಕಿತು ಕೂಡ. ಅಪ್ಪನಿಗೆ ಫ್ಯಾನ್ ತಿರುಗಿಸೋಕೆ ಬಿಡುತ್ತಿದ್ದ ಆ ಕ್ಲೀನರ್ ಆಮೇಲೆ ಅದೇ ರೂಟಿನಲ್ಲಿ ಡ್ರೈವರ್ ಆದರಂತೆ. ಅವರ ಹೆಸರು, ಮನೆ ಎರಡೂ ಅಪ್ಪನಿಗೆ ಗೊತ್ತು. ಮನೆಯವರನ್ನು ಕೇಳದೆ ಇಲ್ಲಿ ಹಾಕೋದು ಸರಿಯಲ್ಲ. ಮೊಮ್ಮಕ್ಕಳು ಊರಿನಲ್ಲೇ ಇದ್ದಾರೆ, ಅಪ್ಪನನ್ನು ಕರೆದುಕೊಂಡು ಹೋಗಿ ಮಾತಾಡಿಸುತ್ತೇನೆ.

ಗ್ಯಾರೇಜ್ ಮೊಮ್ಮಗ:

ಹೋಗುವಾಗ ಸುಮ್ನೆ ‘ಹಳೇ ಕಾಲದ ಕಥೆ ಹೇಳಿ’ ಅನ್ನಬೇಡಿ. ಆಗ ಯಾರಿಗೂ ಏನೂ ನೆನಪಾಗೋದಿಲ್ಲ. ಸಣ್ಣ ಸಣ್ಣದನ್ನು ಕೇಳಿ. ಹ್ಯಾಂಡಲ್ ಎಲ್ಲಿ ಇಡುತ್ತಿದ್ದರು, ಸೀಟಿನ ಕೆಳಗಾ, ಮುಂದೆ ಬೆಲ್ಟಿನಲ್ಲಿ ಕಟ್ಟಿದ್ದರಾ? ಯಾವ ಕೈಯಲ್ಲಿ ಹೊಡೆಯುತ್ತಿದ್ದರು? ಚಳಿಯಲ್ಲಿ ರೇಡಿಯೇಟರಿಗೆ ಬಿಸಿನೀರು ಹಾಕುತ್ತಿದ್ದರಾ? ಹಿಂದಿನ ಒಂದು ಚಕ್ರ ಜಾಕಿ ಮೇಲೆ ಎತ್ತಿ ಸ್ಟಾರ್ಟ್ ಮಾಡುತ್ತಿದ್ದರಾ? ಫೋರ್ಡಿಗೆ ಇದು ಬೇಕಾಗುತ್ತಿತ್ತು, ಆಯಿಲ್ ಗಟ್ಟಿಯಾಗಿ ಕ್ಲಚ್ ಅಂಟಿಕೊಂಡಿದ್ದರೆ ಎಂಜಿನ್ ಹಿಡಿದ ಕೂಡಲೇ ಗಾಡಿ ಮುಂದೆ ನಿಂತವರ ಮೇಲೇ ಬರುತ್ತಿತ್ತು. ವಸ್ತುವಿನ ಬಗ್ಗೆ ಕೇಳಿದರೆ ಕೈ ತಾನಾಗಿಯೇ ಎದ್ದು ತೋರಿಸುತ್ತದೆ. ತಾತನಿಗೆ ಕೊನೆಯಲ್ಲಿ ಮಕ್ಕಳ ಹೆಸರೇ ಮರೆತುಹೋಗಿತ್ತು. ನಾನು ಹಳೇ ಹ್ಯಾಂಡಲ್ ತಂದು ಕೈಯಲ್ಲಿಟ್ಟರೆ ಹೆಬ್ಬೆರಳನ್ನು ಸರಿಯಾದ ಕಡೆಗೇ ಇಡುತ್ತಿದ್ದರು.

ತುಂಗೆ ದಡದವ:

ಈ ಪ್ರಶ್ನೆಗಳನ್ನು ಬರೆದುಕೊಂಡೆ. ನಮ್ಮ ಕಾರಿನ ಡ್ರೈವರ್ ಮಂಗಳೂರು ಕಡೆಯವರು ಅಂತ ಮಾತ್ರ ಮನೆಯಲ್ಲಿ ಗೊತ್ತು. ಹುಡುಗ ನಮ್ಮ ಊರಿನವನೇ, ಕೆಳಗಿನ ಕೇರಿಯಿಂದ ಬರುತ್ತಿದ್ದ ಅಂತ ಅಜ್ಜಿ ಹೇಳಿದ್ದರು. ಆ ಕೇರಿಯ ಹಿರಿಯರಲ್ಲಿ ಒಬ್ಬರು ಇನ್ನೂ ಓಡಾಡಿಕೊಂಡಿದ್ದಾರೆ. ಫೋಟೊವನ್ನು ದೊಡ್ಡದು ಮಾಡಿಸಿ ತೆಗೆದುಕೊಂಡು ಹೋಗುತ್ತೇನೆ.

ನೇತ್ರಾವತಿಯವರೇ, ನಿಮ್ಮ ತಂದೆಯ ಹತ್ತಿರ ಇದೊಂದು ಕೇಳಿ. ಇದ್ದಿಲಿನ ಬಸ್ಸಿನ ಡ್ರಮ್ಮಿಗೆ ಬಿಸಿ ಇರುವಾಗಲೇ ಮತ್ತೆ ಇದ್ದಿಲು ತುಂಬುತ್ತಿದ್ದರಲ್ಲ, ಮುಚ್ಚಳ ತೆಗೆದಾಗ ಬೆಂಕಿ ಮುಖಕ್ಕೆ ಬಡಿಯದ ಹಾಗೆ ಏನು ಮಾಡುತ್ತಿದ್ದರು? ಅದನ್ನು ಎಲ್ಲೂ ಓದಲು ಸಿಕ್ಕಿಲ್ಲ.

ನೇತ್ರಾವತಿ:

ಈಗಲೇ ಕೇಳಿದೆ. ಬಸ್ಸಿನ ಹಿಂದಿನ ಏಣಿ ಹತ್ತಿ, ಮುಖ ಆಚೆ ತಿರುಗಿಸಿಕೊಂಡು, ಉದ್ದ ಕೋಲಿನಿಂದ ಮುಚ್ಚಳ ಸರಿಸುತ್ತಿದ್ದರಂತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಮೊದಲು ನೋಡಿಕೊಳ್ಳುತ್ತಿದ್ದರು. ತಲೆಗೆ ಒದ್ದೆ ಗೋಣಿಚೀಲ. ಆದರೂ ಆ ಕ್ಲೀನರಿಗೆ ಒಂದು ಕಡೆ ಹುಬ್ಬು ಇರಲಿಲ್ಲ ಅಂತ ಅಪ್ಪ ಹೇಳುತ್ತಿದ್ದಾರೆ. ಉಳಿದದ್ದು ಅವರ ಮನೆಗೆ ಹೋಗಿ ಬಂದ ಮೇಲೆ ಬರೆಯುತ್ತೇನೆ.